ಅಮ್ಮ ಒತ್ತಿ ಇಟ್ಟ ಕುಂಕುಮ

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷದ ಆಯುಧಪೂಜೆಯ ಬೆಳಿಗ್ಗೆ, ಕರ್ಪೂರ ಹಚ್ಚುವುದಕ್ಕೆ ಸ್ವಲ್ಪ ಮುಂಚೆ, ನಾನು ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಂಪ್ಯೂಟರ್ ಮೇಜಿಗೂ ಗೊಂಬೆ ಕೂರಿಸಿದ್ದ ಮೆಟ್ಟಿಲುಗಳಿಗೂ ನಡುವೆ ನಿಂತಿದ್ದೆ. ನನ್ನ ಬಲಗೈಯಲ್ಲಿ ಪೂಜೆಯ ಗಂಟೆ ಇತ್ತು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ನನ್ನ ಎದುರು ಅಮ್ಮ ಮಣೆಯ ಮೇಲೆ ಕೂತಿದ್ದರು. ಅವರ ಹಿಂದೆ ನನ್ನ ಹೆಂಡತಿ ಲಲಿತಾ ನಿಂತಿದ್ದಳು. ಇಷ್ಟನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ.

ನಾನು ಅಲ್ಲಿ ಹಾಗೆ ನಿಲ್ಲಬೇಕಾಗಿ ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು.

ನಾನು ಆಗ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದೆ. ಅಲ್ಲಿಗೆ ಪೆಟ್ಟಿಗೆಗಟ್ಟಲೆ ಬೋಲ್ಟುಗಳು ಬರುತ್ತಿದ್ದವು. ಎಲ್ಲವನ್ನೂ ಅಳೆಯುತ್ತ ಕೂತರೆ ಕಾರ್ಖಾನೆ ನಿಂತುಹೋಗುತ್ತದೆ. ಆದ್ದರಿಂದ ಒಂದಿಷ್ಟನ್ನು ತೆಗೆದು ಅಳೆಯುವುದು, ಅವು ಸರಿಯಿದ್ದರೆ ಇಡೀ ಲಾಟಿಗೆ, ಅಂದರೆ ಒಟ್ಟಿಗೆ ಬಂದ ಸರಕಿಗೆಲ್ಲ, ಹಸಿರು ಚೀಟಿ ಅಂಟಿಸುವುದು ಪದ್ಧತಿ. ಸ್ಯಾಂಪಲ್ ಪಾಸಾದರೆ ಲಾಟ್ ಪಾಸ್! ನಾನು ಮನೆಯಲ್ಲೂ ಹಾಗೇ ಬದುಕುತ್ತಿದ್ದೆ. ಒಂದು ಮಾವಿನಹಣ್ಣು ತಿಂದು ನೋಡಿ ಇಡೀ ಬುಟ್ಟಿ ತರುತ್ತಿದ್ದೆ. ಆ ಬುಟ್ಟಿಗಳ ಬಗ್ಗೆ ಲಲಿತಾಗೆ ಬೇರೆಯೇ ಅಭಿಪ್ರಾಯವಿದೆ. ಅದು ಇಲ್ಲಿ ಬೇಡ.

ಲಲಿತಾ ರಂಗೋಲಿ ಹಾಕುತ್ತಾಳೆ. ಎಲ್ಲರ ಮನೆಯಲ್ಲೂ ಹಾಕುತ್ತಾರೆ ಎಂದು ನೀವು ಹೇಳಬಹುದು. ಆದರೆ ಇವಳು ಗೇಟಿನ ಮುಂದೆ ಚುಕ್ಕಿ ಇಟ್ಟು, ಕೈ ಎತ್ತದೆ ಎಳೆ ಎಳೆಯುವುದನ್ನು ನೋಡಲು ಹಾಲು ತರಲು ಹೋದವರು ಹಾಲು ಮರೆತು ನಿಲ್ಲುತ್ತಿದ್ದರು. ಬಡಾವಣೆಯ ಗಣೇಶೋತ್ಸವದ ರಂಗೋಲಿ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದ ಮಾಲತಿ ಎಂಬವರು ಇದನ್ನು ಕಂಡರು. ಜೆ.ಪಿ. ನಗರದಲ್ಲಿ ಅವರದೊಂದು ಸಣ್ಣ ಆಫೀಸು. ಹೆಣ್ಣುಮಕ್ಕಳಿಗಾಗಿ ಒಂದು ಕನ್ನಡ ವೆಬ್‌ಸೈಟ್ ಶುರುಮಾಡುವುದರಲ್ಲಿದ್ದರು.

“ನೀವು ದಿನಾ ಹಾಕೋದನ್ನೇ ವಿಡಿಯೋ ಮಾಡಿ ಕೊಡಿ ಮೇಡಂ. ‘ಲಲಿತಾ ಅವರ ರಂಗೋಲಿ ಪಾಠ’ ಅಂತ ಒಂದು ಪುಟಾನೇ ಮಾಡ್ತೀವಿ. ಆದ್ರೆ ಫೈಲ್ ಚಿಕ್ಕದಾಗಿರ್ಬೇಕು. ಎಷ್ಟೋ ಮನೇಲಿ ಇನ್ನೂ ಫೋನ್ ಲೈನ್ ಇಂಟರ್ನೆಟ್ಟು. ದೊಡ್ಡ ಫೈಲ್ ಇಟ್ರೆ ಅವ್ರ ಮಗು ಸ್ಕೂಲಿಗೆ ಸೇರೋ ಹೊತ್ಗೆ ತೆರ್ಕೊಳ್ಳತ್ತೆ,” ಎಂದರು.

ವಿಜಯದಶಮಿಯ ಸಂಜೆ ವೆಬ್‌ಸೈಟಿನ ಉದ್ಘಾಟನೆ. ಅಷ್ಟರೊಳಗೆ ವಿಡಿಯೋಗಳ ಸಿ.ಡಿ. ಅವರ ಕೈ ಸೇರಬೇಕು. ಸೇರದಿದ್ದರೆ ಆ ಜಾಗಕ್ಕೆ ವಿಲ್ಸನ್ ಗಾರ್ಡನ್‌ನ ಒಬ್ಬರ ಮೊಗ್ಗಿನ ಜಡೆ ಪಾಠ ಸಿದ್ಧವಿತ್ತು.

ಲಲಿತಾ ಆ ರಾತ್ರಿ ಊಟ ಬಡಿಸುತ್ತ ಒಂದು ಮಾತು ಹೇಳಿದಳು. “ನಾನು ಹಾಕಿದ್ದನ್ನ ಮಾರನೇ ದಿನ ನಾನೇ ಪೊರಕೆ ತಗೊಂಡು ಗುಡಿಸ್ತೀನಿ. ಮದುವೆ ಆದಾಗಿಂದ ಗುಡಿಸ್ತಾನೇ ಇದೀನಿ. ಇದೊಂದು ಉಳ್ಕೊಳ್ಳಲಿ ರೀ.”

ಏನು ಪಣಕ್ಕಿತ್ತು ಎಂದು ಕೇಳಿದರೆ ಇದು. ಇಷ್ಟೇ. ಇಷ್ಟು.

ಹೊಸಕೆರೆಹಳ್ಳಿಯಲ್ಲಿದ್ದ ಸಹೋದ್ಯೋಗಿಯೊಬ್ಬರಿಂದ ಕ್ಯಾಮೆರಾ ತಂದೆ. ದಿನಾ ಬೆಳಿಗ್ಗೆ ಅವಳು ಹಾಕುವುದು, ನಾನು ಚಿತ್ರೀಕರಿಸುವುದು, ಕಂಪ್ಯೂಟರಿಗೆ ಇಳಿಸುವುದು. ಟೇಪು ಇದ್ದದ್ದು ಒಂದೇ. ಇಳಿಸಿದ ಮೇಲೆ ಅದರ ಮೇಲೇ ಮರುದಿನದ್ದನ್ನು ಚಿತ್ರೀಕರಿಸುತ್ತಿದ್ದೆ. ಅಂದರೆ ನೆಲದ ಮೇಲಿನದನ್ನು ಅವಳು ಗುಡಿಸುತ್ತಿದ್ದಳು, ಟೇಪಿನ ಮೇಲಿನದನ್ನು ನಾನು ಅಳಿಸುತ್ತಿದ್ದೆ. ಪಾಠಗಳು ಉಳಿದಿದ್ದದ್ದು ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ!

ಪಾಠಗಳೆಲ್ಲ ಮುಗಿದಾಗ ಒಂದೊಂದು ಫೈಲೂ ಆನೆಯ ಗಾತ್ರವಾಗಿತ್ತು.

“ಜಯನಗರದಲ್ಲಿ ಒಂದು ಸ್ಟುಡಿಯೋ ಇದೆಯಂತೆ. ಅವ್ರು ಚಿಕ್ಕದು ಮಾಡ್ಕೊಡ್ತಾರಂತೆ,” ಎಂದಳು ಲಲಿತಾ.

“ಸ್ಟುಡಿಯೋ ಯಾಕೆ? ನಾನಿಲ್ವಾ?” ಎಂದೆ.

‘ನಾನಿಲ್ವಾ’ ಎಂದು ನಾನು ಹೇಳಿದಾಗಲೆಲ್ಲ ನಮ್ಮ ಮನೆಗೆ ಕೊನೆಗೆ ಒಬ್ಬ ಪ್ಲಂಬರನೋ ಎಲೆಕ್ಟ್ರಿಷಿಯನ್ನೋ ಬಂದಿದ್ದಾನೆ. ಲಲಿತಾ ಅಡುಗೆಮನೆಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಮಹಡಿ ಮನೆಯಲ್ಲಿ ಬಸವರಾಜ ಎಂಬ ತರುಣ ಬಾಡಿಗೆಗಿದ್ದ. ಧಾರವಾಡದ ಕಡೆಯವನು. ಬಿ.ಟಿ.ಎಂ.ನಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ. ಅವನು ಒಂದು ಸಿ.ಡಿ. ತಂದುಕೊಟ್ಟ. ಅದರೊಳಗಿನ ಸಾಫ್ಟ್‌ವೇರಿಗೆ ಇಡೀ ಫೋಲ್ಡರನ್ನು ಒಮ್ಮೆಗೇ ಕೊಟ್ಟುಬಿಟ್ಟರೆ ಸಾಕು, ಒಂದಾದ ಮೇಲೆ ಒಂದನ್ನು ಅದೇ ಕುಗ್ಗಿಸುತ್ತಾ ಹೋಗುತ್ತದೆ.

“ಸರ, ಒಂದ್ ಮಾತ್ ಹೇಳ್ತೀನ್ರಿ,” ಎಂದ. “ಒರಿಜಿನಲ್ ಬ್ಯಾರೆ ಕಡೆ ಕಾಪಿ ಮಾಡಿ ಇಟ್ಕೊಳ್ರಿ. ಆಮ್ಯಾಲ ಶುರು ಮಾಡ್ರಿ.”

“ಬಸವರಾಜ, ನಾನು ಕ್ವಾಲಿಟಿಯಲ್ಲಿರೋನು,” ಎಂದೆ.

“ಹೌದಲ್ರಿ, ಅದಕ್ಕ ಹೇಳಾಕತ್ತೀನಿ,” ಎಂದು ಅವನು ಮಹಡಿ ಹತ್ತಿದ.

ಅಷ್ಟಮಿಯ ಸಂಜೆ ಕೆಲಸಕ್ಕೆ ಕೂತೆ. ಅಮ್ಮ ಹತ್ತಿರದಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು.

“ನಾಗು, ಏನ್ ಮಾಡ್ತಿದೀಯೋ?”

“ಫೈಲ್ ಚಿಕ್ಕದು ಮಾಡ್ತಿದೀನಮ್ಮ. ಇಷ್ಟು ದೊಡ್ಡದಿರೋದು ಇಷ್ಟೇ ಇಷ್ಟು ಆಗತ್ತೆ.”

“ಹಂಗಾದ್ರೆ ಒಳಗಿರೋದು ಎಲ್ಲಿಗೆ ಹೋಗತ್ತೆ?”

“ಬೇಡದ್ದನ್ನ ಮಾತ್ರ ತೆಗ್ದು ಹಾಕತ್ತಮ್ಮ.”

“ಯಾವ್ದು ಬೇಡ ಅಂತ ಅದಕ್ಕೆ ಯಾರು ಹೇಳ್ತಾರೆ?”

“ನಾನು.”

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಕಷ್ಟ,” ಎಂದು ಮತ್ತೆ ಬತ್ತಿಗೆ ಕೈಹಾಕಿದರು.

ನಾನು ಪದ್ಧತಿಯ ಪ್ರಕಾರವೇ ನಡೆದೆ. ಪೆಟ್ಟಿಗೆಯ ಮೇಲಿಂದ ತೆಗೆದ ಹಾಗೆ ಫೋಲ್ಡರಿನ ಮೊದಲನೇ ಫೈಲನ್ನೇ ಸ್ಯಾಂಪಲ್ಲಾಗಿ ತೆಗೆದುಕೊಂಡೆ. ಅದು ಪೀಠಿಕೆ. ಅದರಲ್ಲಿ ಲಲಿತಾ ಬಣ್ಣ ತುಂಬಿದ ದೊಡ್ಡ ರಂಗೋಲಿಯೊಂದರ ಪಕ್ಕ ಅಲುಗಾಡದೆ ನಿಂತು, ಕೈಮುಗಿದು, “ಎಲ್ಲರಿಗೂ ನಮಸ್ಕಾರ” ಎನ್ನುತ್ತಾಳೆ. ಕುಗ್ಗಿಸಿದೆ. ಆನೆ ಇಲಿಯಾಯಿತು! ತೆರೆದು ನೋಡಿದರೆ ಮುಖ ಸ್ಪಷ್ಟ. ಸೀರೆಯ ಅಂಚು ಸ್ಪಷ್ಟ. ಲಲಿತಾಳನ್ನೂ ಕರೆದು ತೋರಿಸಿದೆ. ಅವಳ ಮುಖ ಅರಳಿತು. ಪರೀಕ್ಷಕನಾಗಿ ನಾನು ಮನಸ್ಸಿನಲ್ಲೇ ಹಸಿರು ಚೀಟಿ ಅಂಟಿಸಿದೆ.

ಆಮೇಲೆ ಇಡೀ ಫೋಲ್ಡರನ್ನು ಯಂತ್ರದ ಬಾಯಿಗೆ ಕೊಟ್ಟೆ. ಅದು ತಕ್ಷಣ ತಕರಾರು ತೆಗೆಯಿತು. ಡಿಸ್ಕ್ ತುಂಬಿಹೋಗಿದೆ, ಹೊಸ ಫೈಲುಗಳಿಗೆ ಜಾಗವಿಲ್ಲ ಎಂದಿತು. ಅದರ ಕೆಳಗೇ ಒಂದು ಪುಟ್ಟ ಚೌಕವಿತ್ತು. ಅಲ್ಲಿ ಟಿಕ್ ಮಾಡಿದರೆ, ಒಂದೊಂದು ಫೈಲ್ ಕುಗ್ಗಿದ ಹಾಗೇ ಅದರ ಮೂಲವನ್ನು ಅಳಿಸಿ ಜಾಗ ಮಾಡಿಕೊಳ್ಳುತ್ತದೆ. ಎಂಥ ಬುದ್ಧಿವಂತ ಯಂತ್ರ ಎಂದುಕೊಂಡೆ. ಟಿಕ್ ಮಾಡಿದೆ!

ಯಂತ್ರ ಬೇಗ ಮುಗಿಸುವ ಪೈಕಿಯಾಗಿರಲಿಲ್ಲ. ಒಂದು ಫೈಲ್ ಮುಗಿಸುವಷ್ಟರಲ್ಲಿ ಒಂದು ಊಟ ಮುಗಿಯುತ್ತಿತ್ತು. ಹಾಗೇ ಓಡಲಿ ಎಂದು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದಾಗ ಅರ್ಧ ದಾರಿ ಸಾಗಿತ್ತು. ಲೆಕ್ಕ ಹಾಕಿದೆ. ಇನ್ನು ಒಂದು ಕ್ಷಣವೂ ನಿಲ್ಲದೆ ಓಡಿದರೆ ಆವತ್ತು ರಾತ್ರಿಗೆ ಮುಗಿಯುತ್ತದೆ. ಮಾರನೇ ದಿನ, ಅಂದರೆ ವಿಜಯದಶಮಿಯ ಸಂಜೆಗೆ ಜೆ.ಪಿ. ನಗರ.

ಆಗ ಅಮ್ಮ ಹೂವಿನ ಬುಟ್ಟಿ ಹಿಡಿದು ಕೋಣೆಗೆ ಬಂದರು.

“ನಾಗು, ಕಂಪ್ಯೂಟರ್ ಆಫ್ ಮಾಡು. ಪೂಜೆಗಿಡ್ಬೇಕು.”

ನಮ್ಮ ಮನೆಯ ಪದ್ಧತಿ ಹೀಗಿತ್ತು. ಆಯುಧಪೂಜೆಯ ದಿನ ಈಳಿಗೆಮಣೆಯಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲವನ್ನೂ ತೊಳೆದು ಒರೆಸಿ ಪೂಜೆಗೆ ಇಡುವುದು. ಒಮ್ಮೆ ಕುಂಕುಮ ಬಿತ್ತೆಂದರೆ ಮಾರನೇ ಬೆಳಿಗ್ಗೆ ಪುನರ್ಪೂಜೆ ಆಗುವವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ವರ್ಷವೆಲ್ಲ ದುಡಿದ ಸಾಮಾನಿಗೆ ಒಂದು ದಿನ ರಜೆ. ಅಮ್ಮ ಆವತ್ತು ತರಕಾರಿಯನ್ನು ಕೂಡ ಹಿಂದಿನ ದಿನವೇ ಹೆಚ್ಚಿಡುತ್ತಿದ್ದರು. ಕಂಪ್ಯೂಟರ್ ಮನೆಗೆ ಬಂದ ಮೇಲೆ ಅದಕ್ಕೂ ಆ ಸೌಲಭ್ಯ ಸಿಕ್ಕಿತ್ತು. ಮಾರನೇ ಬೆಳಿಗ್ಗೆಯವರೆಗೆ ಅದು ರಜೆಯಲ್ಲಿ ಕೂತರೆ ಉಳಿದರ್ಧ ಉದ್ಘಾಟನೆಯೊಳಗೆ ಮುಗಿಯುವುದಿಲ್ಲ.

ನಾನು ಲಲಿತಾಳನ್ನು ನೋಡಿದೆ. ಲಲಿತಾ ನನ್ನನ್ನು ನೋಡಿದಳು. ನಾನು ಕೈಚಾಚಿ ಮಾನಿಟರಿನ ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು.

“ಆಫ್ ಆಯ್ತಮ್ಮ,” ಎಂದೆ.

ಸಿ.ಪಿ.ಯು. ಪೆಟ್ಟಿಗೆ ಮಾತ್ರ ಪಕ್ಕದ ಸ್ಟೂಲಿನ ಮೇಲೆ ತನ್ನ ಪಾಡಿಗೆ ಓಡುತ್ತಲೇ ಇತ್ತು. ಅದರ ಮುಂಭಾಗದ ಪುಟ್ಟ ಹಸಿರು ದೀಪ ಕಾಣಬಾರದೆಂದು ಸೇವಂತಿಗೆಯ ಹಾರವನ್ನು ನಾನೇ ಭಕ್ತಿಯಿಂದ ಅದರ ಮೇಲೆ ಇಳಿಬಿಟ್ಟೆ. ಉಳಿದದ್ದು ಸದ್ದು. ಒಳಗಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು.

“ಏನೋ ಇದು, ಉಸಿರಾಡ್ತಿರೋ ಹಂಗಿದೆ?” ಎಂದರು ಅಮ್ಮ.

“ಅದು ಯು.ಪಿ.ಎಸ್. ಅಮ್ಮ,” ಎಂದು ಹೇಳಿ ನಾನು ಗಂಟೆ ಬಾರಿಸಲು ಶುರುಮಾಡಿದೆ.

ಈಗ ನಾವು ಮೊದಲು ಹೇಳಿದ ಜಾಗಕ್ಕೆ ಬಂದಿದ್ದೇವೆ. ನಾನು ನಿಂತಿದ್ದೇನೆ. ಬಲಗೈ ಗಂಟೆ ಬಾರಿಸುತ್ತಿದೆ. ಎಡಗೈ ಬೆನ್ನ ಹಿಂದೆ ಇದೆ. ಮಂತ್ರವಿಲ್ಲದಿದ್ದಾಗಲೂ ಬಾರಿಸುತ್ತಿದ್ದೇನೆ. ಅಮ್ಮ ಸಾಮಾನುಗಳಿಗೆ ಒಂದೊಂದಾಗಿ ಅರಿಶಿನ ಕುಂಕುಮ ಇಡುತ್ತ ಬಂದರು. ಈಳಿಗೆಮಣೆ. ಸುತ್ತಿಗೆ. ಹೊಲಿಗೆ ಯಂತ್ರ. ಕ್ಯಾಮೆರಾ. ಆಮೇಲೆ ಸಿ.ಪಿ.ಯು.

ಪ್ರತಿ ಸಾಮಾನಿಗೂ ಒಂದು ಹಣೆ ಇರುತ್ತದೆ ಎಂಬುದು ಅಮ್ಮನ ನಂಬಿಕೆ. ಅವರು ಹಾರವನ್ನು ಸ್ವಲ್ಪ ಸರಿಸಿ ಸಿ.ಪಿ.ಯು.ವಿನ ಹಣೆ ಹುಡುಕಿದರು. ಮುಂಭಾಗದ ಸರಿಯಾದ ನಡುವಿನಲ್ಲಿ, ಕುಂಕುಮಕ್ಕೆಂದೇ ಮಾಡಿಟ್ಟಂತೆ, ಒಂದು ದುಂಡನೆಯ ಗುಂಡಿ ಇತ್ತು.

ಅದು ಪವರ್ ಬಟನ್.

ನಾನು ನೋಡಿದೆ. ಕೂಗಬೇಕಿತ್ತು. ಆದರೆ ಏನೆಂದು ಕೂಗಲಿ? ಆಫ್ ಆಗಿದೆ ಎಂದು ಹೇಳಿದ ಯಂತ್ರವನ್ನು ‘ಆಫ್ ಮಾಡಬೇಡಿ’ ಎಂದು ಯಾವ ಬಾಯಲ್ಲಿ ಹೇಳಲಿ? ಅಮ್ಮನ ಉಂಗುರದ ಬೆರಳು ಆ ಗುಂಡಿಯ ಮೇಲೆ ಬಂತು. ನಮ್ಮ ಅಮ್ಮ ಕುಂಕುಮವನ್ನು ಸೋಕಿಸಿ ಬಿಡುವವರಲ್ಲ. ಒತ್ತಿ ಇಡುವವರು. ಒತ್ತಿದರು. ಒತ್ತಿಯೇ ಇದ್ದರು. ನಾನು ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದೆ. ಏಕೆ ಎಂದು ಕೇಳಬೇಡಿ.

ಫ್ಯಾನಿನ ಸದ್ದು ಇಳಿಯಿತು. ನಿಂತಿತು.

ನನ್ನ ಗಂಟೆಯೂ ನಿಂತಿತು. ಕೋಣೆಯಲ್ಲಿ ಊದುಬತ್ತಿಯ ಹೊಗೆ ಬಿಟ್ಟು ಬೇರೇನೂ ಅಲುಗಾಡಲಿಲ್ಲ.

“ಈಗ ಸರಿ,” ಎಂದರು ಅಮ್ಮ. “ಕರ್ಪೂರ ಕೊಡು.”

ಮಂಗಳಾರತಿ ತೆಗೆದುಕೊಳ್ಳುವಾಗ ಲಲಿತಾ ನನ್ನ ಕಿವಿಯ ಹತ್ತಿರ ಬಂದಳು. “ಏನ್ರೀ ಮಾಡೋದು?”

“ಅಮ್ಮ ಸ್ಕೂಟರ್ ಪೂಜೆಗೆ ಹೊರಗೆ ಹೋಗ್ತಾರಲ್ಲ, ಆಗ ಆನ್ ಮಾಡ್ತೀನಿ.”

“ಪೂಜೆ ಆಗಿದ್ದನ್ನ ಮುಟ್ತೀರಾ?”

“ದೇವರಿಗೆ ಗೊತ್ತಾಗತ್ತೆ, ಕ್ಷಮಿಸ್ತಾನೆ. ಮಾಲತಿ ಮೇಡಂ ಕ್ಷಮಿಸಲ್ಲ.”

ಅಮ್ಮ ಬೂದುಗುಂಬಳಕಾಯಿ ಹಿಡಿದು ಹೊರಗೆ ಹೋದರು. ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಸವರಾಜ ಸಹಾಯಕ್ಕೆ ಬಂದಿದ್ದ. ಅವನ ಬೈಕಿಗೂ ಅಲ್ಲೇ ಪೂಜೆ. ನಾನು ಕಳ್ಳನ ಹಾಗೆ ಒಳಗೆ ಬಂದು, ಕುಂಕುಮ ಅಳಿಸದಂತೆ ಕಿರುಬೆರಳಿನ ತುದಿಯಿಂದ ಗುಂಡಿ ಒತ್ತಿದೆ. ಯಂತ್ರ ಎದ್ದಿತು. ಸಾಫ್ಟ್‌ವೇರ್ ಕೂಡ ತಾನಾಗಿಯೇ ಎದ್ದು, ನಿಂತಲ್ಲಿಂದ ಮುಂದುವರಿಸಲೇ ಎಂದು ವಿನಯದಿಂದ ಕೇಳಿತು. ಕಣ್ಣಲ್ಲಿ ನೀರು ಬಂತು. ಹೂಂ ಎಂದೆ. ಅದು ಓಡತೊಡಗಿತು.

“ನೋಡಿದ್ಯಾ? ಏನೂ ಆಗಿಲ್ಲ,” ಎಂದೆ.

ಲಲಿತಾ ನಿಟ್ಟುಸಿರು ಬಿಟ್ಟಳು. “ಆಗಿರೋದ್ರಲ್ಲಿ ಒಂದು ತೋರ್ಸಿ ನೋಡೋಣ. ತಾವರೆ ಮಂಡಲ ತೋರ್ಸಿ. ನಂಗೆ ಅದೇ ಇಷ್ಟ.”

ತೋರಿಸಿದೆ.

ಪರದೆಯ ಮೇಲೆ ನಮ್ಮ ಗೇಟಿನ ಮುಂದಿನ ನೆಲ ಕಾಣಿಸಿತು. ಒದ್ದೆಯಾಗಿ, ಕಪ್ಪಗೆ, ಬೋಳಾಗಿ. ಆ ನೆಲದ ಮೇಲೆ ಲಲಿತಾಳ ಕೈ ಅತ್ತಿಂದಿತ್ತ ಓಡಾಡುತ್ತಿತ್ತು. “ಮೊದಲು ಚುಕ್ಕಿಗಳನ್ನು ಸಮವಾಗಿ ಇಟ್ಟುಕೊಳ್ಳಿ,” ಎನ್ನುತ್ತಿತ್ತು ಅವಳ ದನಿ. ಚುಕ್ಕಿ ಇರಲಿಲ್ಲ. “ಈಗ ಈ ಚುಕ್ಕಿಯನ್ನು ಆ ಚುಕ್ಕಿಗೆ ಸೇರಿಸಿ.” ಈ ಚುಕ್ಕಿಯೂ ಇರಲಿಲ್ಲ, ಆ ಚುಕ್ಕಿಯೂ ಇರಲಿಲ್ಲ! ಅವಳ ಬೆರಳಿನ ಹಿಂದೆ ನೀರಿನಲ್ಲಿ ಮಜ್ಜಿಗೆ ಚೆಲ್ಲಿದ ಹಾಗೆ ಏನೋ ಬೆಳ್ಳಗೆ ಕದಡುತ್ತಿತ್ತು. “ನೋಡಿ, ಎಷ್ಟು ಸುಲಭ!” ಎಂದು ದನಿ ಮುಗಿಸಿತು.

ನಾನು ಯಂತ್ರಕ್ಕೆ ಬೇಡದ್ದನ್ನು ತೆಗೆ ಎಂದಿದ್ದೆ. ಪೀಠಿಕೆಯಲ್ಲಿ ಒಂದು ಚುಕ್ಕಿಯೂ ಇರಲಿಲ್ಲ, ಅದು ಪಾಸಾಗಿತ್ತು. ಉಳಿದ ಪಾಠಗಳಲ್ಲಿ ಯಂತ್ರಕ್ಕೆ ಎಲ್ಲಕ್ಕಿಂತ ಬೇಡವಾಗಿ ಕಂಡದ್ದು ಪುಡಿಯಷ್ಟು ಸಣ್ಣ ಬಿಳಿ ಚುಕ್ಕಿಗಳು. ಅವನ್ನೇ ಮೊದಲು ನುಂಗಿತ್ತು.

“ಚುಕ್ಕಿ ಎಲ್ಲಿ?” ಎಂದಳು ಲಲಿತಾ.

ನಾನು ಇನ್ನೊಂದು ಫೈಲ್ ತೆರೆದೆ. ಮತ್ತೊಂದು ತೆರೆದೆ. ಎಲ್ಲದರಲ್ಲೂ ಬೋಳು ನೆಲ, ಓಡಾಡುವ ಕೈ.

“ದೊಡ್ಡದು ಇದ್ಯಲ್ಲ? ಮೊದಲಿಂದು?”

ಟಿಕ್ ಮಾಡಿದ ಆ ಚೌಕ ನನ್ನ ಕಣ್ಣ ಮುಂದೆ ಬಂತು. ಅದರ ಜೊತೆಗೇ ಇನ್ನೊಂದು ವಿಷಯವೂ ಹೊಳೆಯಿತು. ನಾವು ಮಾತಾಡುತ್ತಿರುವಾಗಲೇ ಯಂತ್ರ ಓಡುತ್ತಿದೆ. ಇಡೀ ರಾತ್ರಿ ನುಂಗಿದ್ದು ಸಾಲದೆ ಇದೀಗ ಕಮಾನಿನ ದೀಪದ ರಂಗೋಲಿಯನ್ನು ಬಾಯಿಗೆ ಹಾಕಿಕೊಂಡಿದೆ. ಅದು ಕುಗ್ಗಿ ಮುಗಿದ ಕ್ಷಣ ಮೂಲ ಹೋಗುತ್ತದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಮುಕ್ಕಾಲು ದಾಟಿತ್ತು.

“ಅಯ್ಯೋ, ನಿಲ್ಸಿ!” ಎಂದಳು ಲಲಿತಾ, ನಾನು ವಿಷಯ ಹೇಳಿದ ಕೂಡಲೇ.

ಕ್ಯಾನ್ಸಲ್ ಒತ್ತಿದೆ. ಪರದೆಯ ಮೇಲೆ ಮರಳುಗಡಿಯಾರ ಬಂತು. ಯಂತ್ರ ಯೋಚಿಸಲು ಕೂತಿತು. ಮತ್ತೆ ಒತ್ತಿದೆ. ಇನ್ನೊಂದು ಮರಳುಗಡಿಯಾರ! ಪಟ್ಟಿ ಮಾತ್ರ ಮುಂದೆ ಹೋಗುತ್ತಲೇ ಇತ್ತು. ನಾನು ಮೇಜಿನ ಕೆಳಗೆ ನುಗ್ಗಿ ಗೋಡೆಯ ಪ್ಲಗ್ ಎಳೆದುಬಿಟ್ಟೆ. ಕರೆಂಟ್ ಹೋದರೂ ಕೆಲಸ ನಿಲ್ಲಬಾರದೆಂದು ನಾನೇ ಆರಿಸಿ ತಂದ ಯು.ಪಿ.ಎಸ್. ಅಲ್ಲೇ ಕಾದು ಕೂತಿತ್ತು. ಅದು “ಕೀಂ, ಕೀಂ” ಎನ್ನುತ್ತ ಯಂತ್ರವನ್ನು ಕಾಪಾಡಿತು. ಅದರ ಗುಣಮಟ್ಟದ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ!

ಆ ಸದ್ದಿಗೆ ಅಮ್ಮ ಒಳಗೆ ಬಂದರು. ಕೈಯಲ್ಲಿ ಕುಂಕುಮದ ಬಟ್ಟಲು ಇತ್ತು. ಹಿಂದೆ ಬಸವರಾಜ. ಅವರಿಗೆ ಕಂಡದ್ದು ಇಷ್ಟು: ಪೂಜೆಯಾದ ಕಂಪ್ಯೂಟರ್ ಓಡುತ್ತಿದೆ, ಮಗನ ಕಾಲು ಮಾತ್ರ ಮೇಜಿನ ಹೊರಗಿದೆ, ಸೊಸೆ ಬಾಯಿಗೆ ಸೆರಗು ಹಿಡಿದು ನಿಂತಿದ್ದಾಳೆ.

ಆಗ ಲಲಿತಾ ಕೂಗಿದ್ದನ್ನು ನಾನು ಮೇಜಿನ ಕೆಳಗಿಂದ ಸ್ಪಷ್ಟವಾಗಿ ಕೇಳಿದೆ.

“ಅತ್ತೇ! ಇನ್ನೊಂದ್ಸಲ ಕುಂಕುಮ ಇಡಿ!”

“ಈಗ್ತಾನೇ ಇಟ್ನಲ್ಲೇ?”

“ಅಳಿಸಿಹೋಗಿದೆ ಅತ್ತೆ! ಬೇಗ! ಆಗ ಇಟ್ಟ ಹಂಗೇ, ಒತ್ತಿ!”

ಅಮ್ಮ ಏಕೆ ಎಂದು ಕೇಳಲಿಲ್ಲ. ಬಟ್ಟಲಿಗೆ ಬೆರಳು ಅದ್ದಿದರು. ಹಾರ ಸರಿಸಿದರು. ಒತ್ತಿ ಹಿಡಿದರು. ಪರದೆಯ ಮೇಲೆ ಪಟ್ಟಿ ಕೊನೆಯ ಚೂರಿಗೆ ಬಂದಿತ್ತು ಎಂದು ಬಸವರಾಜ ಆಮೇಲೆ ಹೇಳಿದ.

ಫ್ಯಾನು ನಿಂತಿತು.

ಆ ಗುಂಡಿಯನ್ನು ನಾನೇ ಒತ್ತಬಹುದಿತ್ತು ಎಂಬ ವಿಚಾರ ನನಗೆ ಬಂದದ್ದು ಮೇಜಿನ ಕೆಳಗಿಂದ ಹೊರಬರುವಾಗ ತಲೆ ಬಡಿದುಕೊಂಡ ಮೇಲೆ.

ಯು.ಪಿ.ಎಸ್. ಇನ್ನೂ ಕೀಂಗುಟ್ಟುತ್ತಿತ್ತು. ಬಸವರಾಜ ಬಗ್ಗಿ ಅದನ್ನು ಆರಿಸಿದ.

“ಸರ, ಒರಿಜಿನಲ್ ಕಾಪಿ ಇಟ್ಕೊಂಡಿದ್ರಿ ಹೌದಿಲ್ರಿ?” ಎಂದ.

ನಾನು ಗೊಂಬೆಗಳ ಕಡೆ ನೋಡಿದೆ. ಪಟ್ಟದ ಗೊಂಬೆಗಳೂ ನನ್ನಿಂದ ಉತ್ತರ ನಿರೀಕ್ಷಿಸುತ್ತಿದ್ದಂತೆ ಕಂಡಿತು.

ಅಮ್ಮನಿಗೆ ಎಲ್ಲವನ್ನೂ ಹೇಳಬೇಕಾಯಿತು. ಬೆಳಿಗ್ಗೆ ಮಾನಿಟರ್ ಮಾತ್ರ ಆರಿಸಿದ್ದು, ಅವರ ಕುಂಕುಮಕ್ಕೆ ಯಂತ್ರ ನಿಂತದ್ದು, ನಾನು ಮತ್ತೆ ಹಚ್ಚಿದ್ದು.

“ನಂಗೊತ್ತಿಲ್ವಾ?” ಎಂದರು ಅಮ್ಮ. “ಹಾರ ಸರಿಸಿದಾಗ ಪೆಟ್ಟಿಗೆ ಬೆಚ್ಚಗಿತ್ತು. ಹಸಿರು ದೀಪ ಬೇರೆ ಮಿಣಮಿಣ ಅಂತಿತ್ತು. ನೀನು ಚಿಕ್ಕೋನಿದ್ದಾಗ ದೀಪ ಆರಿಸಿದೀನಿ ಅಂತ ಹೇಳಿ ಹೊದಿಕೆ ಒಳಗೆ ಟಾರ್ಚ್ ಹಾಕ್ಕೊಂಡು ಓದ್ತಿದ್ಯಲ್ಲ, ಅದೇ ಮುಖ ಮಾಡ್ಕೊಂಡು ಗಂಟೆ ಬಾರಿಸ್ತಿದ್ದೆ. ಅದಕ್ಕೇ ಸದ್ದು ನಿಲ್ಲೋವರೆಗೂ ಒತ್ತಿ ಹಿಡಿದೆ.”

ಹೀಗೆ ಅರ್ಧ ಪಾಠಗಳು ಉಳಿದವು. ಉಳಿಸಿದ್ದು ಮೊದಲನೆಯ ಕುಂಕುಮ; ಅದು ಯಂತ್ರವನ್ನು ನಿಲ್ಲಿಸದಿದ್ದರೆ ನಾವು ಫೈಲ್ ತೆರೆದು ನೋಡುತ್ತಲೇ ಇರಲಿಲ್ಲ. ಕಮಾನಿನ ದೀಪವನ್ನು ಉಳಿಸಿದ್ದು ಎರಡನೆಯ ಕುಂಕುಮ. ಉಳಿದರ್ಧವನ್ನು ಕಳೆದದ್ದು ಯಾರು ಎಂಬುದರ ಬಗ್ಗೆ ಆ ಕೋಣೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ಲಲಿತಾ ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಅದು ಇನ್ನೂ ಕಷ್ಟವಾಯಿತು. ಗೇಟಿನ ಹತ್ತಿರ ಹೋಗಿ, ಆವತ್ತು ಬೆಳಿಗ್ಗೆ ಹಾಕಿದ್ದ ಹಬ್ಬದ ರಂಗೋಲಿಯನ್ನು ಸುಮ್ಮನೆ ನೋಡುತ್ತ ನಿಂತಳು. ಅದರ ಒಂದು ಮೂಲೆಯಲ್ಲಿ ಕುಂಬಳಕಾಯಿ ಚೂರು ಬಿದ್ದಿತ್ತು.

“ಬಿಡಿ,” ಎಂದಳು. “ಅಳಿಸಿಹೋಗೋದೇ ಅದರ ಹಣೇಬರಹ.”

ಗುಣಮಟ್ಟ ಪರೀಕ್ಷಕ ಬಗ್ಗಿ ಆ ಕುಂಬಳಕಾಯಿ ಚೂರನ್ನು ಎತ್ತಿದ. ಮಾತಾಡಿದವರು ಅಮ್ಮ.

“ಏನ್ ಹಣೇಬರಹ? ರಂಗೋಲಿ ಪುಡಿ ಖಾಲಿ ಆಗಿದ್ಯಾ? ಕೈ ನೋಯ್ತಿದ್ಯಾ? ಹೋಗಿರೋದನ್ನೆಲ್ಲ ಇವತ್ತೇ ಮತ್ತೆ ಹಾಕು. ಹಬ್ಬದ ದಿನ ರಂಗೋಲಿಗೆ ರಜೆ ಇಲ್ಲ.”

“ಕ್ಯಾಮೆರಾ ಪೂಜೇಲಿದೆಯಲ್ಲ ಅತ್ತೆ?”

ಅಮ್ಮ ಒಂದು ಗಳಿಗೆ ಯೋಚಿಸಿದರು. ಒಳಗೆ ಹೋಗಿ, ಕ್ಯಾಮೆರಾದ ಮೇಲೆ ಎರಡು ಅಕ್ಷತೆ ಹಾಕಿ, ಕೈಮುಗಿದು, ಅದನ್ನು ಉತ್ತರದ ಕಡೆಗೆ ಒಂದಿಷ್ಟು ಸರಿಸಿದರು. ಗಣಪತಿಯನ್ನು ಬಿಡುವ ಮುಂಚೆ ಸರಿಸುವ ಹಾಗೆ. “ಇದೊಂದನ್ನ ಬಿಟ್ಟಿದೀನಿ, ತಗೋ. ಕಂಪ್ಯೂಟರ್ ಮಾತ್ರ ನಾಳೆ ಬೆಳಿಗ್ಗೆ. ಅದನ್ನ ಬಸವರಾಜ ಮುಟ್ಟಲಿ. ನೀನು ಬೇಡ.”

ನಮ್ಮ ಗೇಟಿನ ಮುಂದೆ ಅಷ್ಟಕ್ಕೆ ಜಾಗ ಎಲ್ಲಿ? ಲಲಿತಾ ಪಕ್ಕದ ಮನೆಯ ಮುಂದೆ ಶುರುಮಾಡಿದಳು. ಅಲ್ಲಿಂದ ಆಚೆ ಮನೆ, ಅದರಾಚೆ ಮನೆ. ನೆರೆಹೊರೆಯವರು ಬಕೆಟ್ಟಿನಲ್ಲಿ ನೀರು ತಂದು ನೆಲ ತೊಳೆದುಕೊಟ್ಟರು. ಹಬ್ಬದ ಸಂಭ್ರಮ ಎಂದೇ ಅವರು ತಿಳಿದಿದ್ದರು. ಬಸವರಾಜ ರಸ್ತೆಯ ಬಾಯಲ್ಲಿ ನಿಂತು, ಬಾಳೆಕಂದು ಕಟ್ಟಿಕೊಂಡು ಬಂದ ಆಟೋಗಳಿಗೆಲ್ಲ, “ಅಣ್ಣಾ, ಆ ಕಡೆ ಹೋಗ್ರಿ, ಇಲ್ಲಿ ಪಾಠ ನಡದೈತಿ,” ಎನ್ನುತ್ತಿದ್ದ. ಬಿಸಿಲು ಇಳಿಯುವ ಮೊದಲು ಮುಗಿಯಬೇಕಿತ್ತು. ಲಲಿತಾ ಮೇಲೆ ನೋಡಲಿಲ್ಲ. ಚುಕ್ಕಿ ಇಟ್ಟಳು, ಎಳೆ ಎಳೆದಳು, ಪಾಠ ಹೇಳಿದಳು, ಮುಂದಿನ ಮನೆಗೆ ಹೋದಳು. ನಾನು ಉಸಿರು ಬಿಗಿಹಿಡಿದು ಅವಳ ಹಿಂದೆ ಕ್ಯಾಮೆರಾ ಹೊತ್ತು ನಡೆದೆ. ಬೇರೇನೂ ಮಾಡಬಾರದೆಂದು ಆಜ್ಞೆಯಾಗಿತ್ತು.

ಎರಡನೆಯ ರಂಗೋಲಿ ಮುಗಿದಾಗ ಬಸವರಾಜ ಪಕ್ಕಕ್ಕೆ ಬಂದು ಕ್ಯಾಮೆರಾದ ಮುಖ ನೋಡಿದ.

“ಸರ, ತಪ್ಪು ತಿಳೀಬ್ಯಾಡ್ರಿ. ಲೆನ್ಸಿನ ಮ್ಯಾಲೂ ಕುಂಕುಮ ಐತ್ರಿ.”

ಅಮ್ಮ ಕ್ಯಾಮೆರಾದ ಹಣೆಯನ್ನೂ ಸರಿಯಾಗಿಯೇ ಹುಡುಕಿದ್ದರು! ಒರೆಸುವುದು ನನ್ನ ಕೆಲಸವಾಗಿತ್ತು. ಲಲಿತಾ ಮೊದಲನೇ ಮನೆಗೆ ವಾಪಸ್ ಹೋಗಿ ಅವೆರಡನ್ನೂ ಗುಡಿಸಿ ಮತ್ತೆ ಹಾಕಿದಳು. ಆ ಪೊರಕೆಯ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಬೆಳಕು ಕಂದುವ ಹೊತ್ತಿಗೆ ಕೊನೆಯದಾದ ತಾವರೆ ಮಂಡಲ ಮುಗಿಯಿತು. ಅವಳು ಸೊಂಟ ಹಿಡಿದುಕೊಂಡು ನೇರವಾಗಿ ನಿಂತು ಹಿಂತಿರುಗಿ ನೋಡಿದಳು. ನಮ್ಮ ರಸ್ತೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗಿತ್ತು. ಯಾರೂ ಅದರ ಮೇಲೆ ಕಾಲಿಡಲಿಲ್ಲ. ಮನೆಗೆ ಬರುವವರು ಮೋರಿಯ ಕಲ್ಲಿನ ಮೇಲೆ ಸಾಲಾಗಿ ನಡೆದು ಬಂದರು.

ಮಾರನೇ ದಿನ ಅಮ್ಮ ಪುನರ್ಪೂಜೆ ಮಾಡಿ ಕಂಪ್ಯೂಟರನ್ನು ಉತ್ತರಕ್ಕೆ ಸರಿಸಿದರು. ಬಸವರಾಜ ಮೊದಲು ಎಲ್ಲ ಮೂಲಗಳ ಕಾಪಿ ಮಾಡಿಕೊಂಡ. ಆಮೇಲೆ ಒಂದೊಂದು ಪಾಠವನ್ನೂ ಲಲಿತಾಗೆ ತೋರಿಸಿ, “ಅಕ್ಕಾರ, ಚುಕ್ಕಿ ಕಾಣ್ತಾವೇನ್ರಿ?” ಎಂದು ಕೇಳಿ, ಅವಳು ಹೂಂ ಎಂದ ಮೇಲೆಯೇ ಪಾಸ್ ಮಾಡಿದ. ಎಲ್ಲ ಒಂದೇ ಸಲಕ್ಕೆ ಮುಗಿಯಲೆಂದು ಅವನ ಆಫೀಸಿನ ಇಬ್ಬರು ಗೆಳೆಯರ ಮನೆಯ ಕಂಪ್ಯೂಟರುಗಳೂ ದುಡಿದವು. ಫೈಲುಗಳು ಇಲಿಯಾಗಲಿಲ್ಲ, ಬೆಕ್ಕಾದವು. ಮಾಲತಿ ಮೇಡಂ ಬೆಕ್ಕಿಗೆ ಒಪ್ಪಿಕೊಂಡರು. ಸಿ.ಡಿ.ಯನ್ನು ಜೆ.ಪಿ. ನಗರಕ್ಕೆ ಮುಟ್ಟಿಸುವ ಕೆಲಸವನ್ನು ಅಮ್ಮ ನನಗೆ ಕೊಟ್ಟರು. ಅದರ ಮೇಲೆ ಕೂರದಂತೆ ಎಚ್ಚರಿಕೆ ಹೇಳಿಯೇ ಕೊಟ್ಟರು.

ಸಂಜೆ ಪುಟ ತೆರೆದುಕೊಂಡಿತು. ಮೇಲೆ ದೊಡ್ಡದಾಗಿ ಲಲಿತಾಳ ಹೆಸರು. ಅವಳು ಪರದೆಯ ಮೇಲೆ ಆ ಹೆಸರನ್ನು ಬೆರಳಿಂದ ಒಮ್ಮೆ ಮುಟ್ಟಿ ನೋಡಿದಳು, ಅಳಿಸಿಹೋಗುತ್ತದೋ ಎಂಬಂತೆ. ಹೋಗಲಿಲ್ಲ.

ನಾನು ಕೆಳಗೆ, ಲಲಿತಾ ಬರೆದುಕೊಟ್ಟಿದ್ದ ಸಾಲುಗಳನ್ನು ಓದಿದೆ. ಚಿತ್ರೀಕರಣ ಎಂಬಲ್ಲಿ ನನ್ನ ಹೆಸರು ಇರಬಹುದೆಂಬ ಆಸೆಯಿತ್ತು. ‘ಚಿತ್ರೀಕರಣ ನೆರವು: ಮನೆಯವರು’ ಎಂದಿತ್ತು. ಅದರ ಕೆಳಗೆ, ‘ತಾಂತ್ರಿಕ ಮಾರ್ಗದರ್ಶನ: ಶ್ರೀಮತಿ ಸಾವಿತ್ರಮ್ಮ’ ಎಂದಿತ್ತು.

ಸಾವಿತ್ರಮ್ಮ ನನ್ನ ಅಮ್ಮ.

ಇದಕ್ಕೆ ಸಾಕ್ಷಿಗಳು ಬೇಕಾದರೆ ಈಗಲೂ ಇದ್ದಾರೆ. ಆ ಸಿ.ಪಿ.ಯು. ಇಲ್ಲ. ಯು.ಪಿ.ಎಸ್. ಕೂಡ ಕೊನೆಯ ಸಲ ಕೀಂ ಎಂದು ಸುಮ್ಮನಾಯಿತು. ಬಸವರಾಜ ಇದ್ದಾನೆ. ಹೊಸಕೆರೆಹಳ್ಳಿಯಲ್ಲಿ ಸ್ವಂತ ಮನೆ ಮಾಡಿಕೊಂಡು, ಆಯುಧಪೂಜೆಯ ದಿನ ತಪ್ಪದೆ ಫೋನ್ ಮಾಡಿ, “ಸರ, ಕಾಪಿ ಇಟ್ಕೊಂಡೀರಿ ಹೌದಿಲ್ರಿ?” ಎನ್ನುತ್ತಾನೆ. ಲಲಿತಾ ಇದ್ದಾಳೆ, ಈಗಲೂ ಗೇಟಿನ ಮುಂದೆ ಚುಕ್ಕಿ ಇಡುತ್ತಾಳೆ. ಅಮ್ಮನೂ ಇದ್ದಾರೆ. ಕಣ್ಣು ಮಂಜಾಗಿದೆ, ಬೆರಳಿನ ಬಲ ಹಾಗೇ ಇದೆ. ಒಳಗಿದ್ದದ್ದು ಎಲ್ಲಿಗೆ ಹೋಯಿತು ಎಂದು ಅವರು ಆಗಾಗ ಕೇಳುತ್ತಾರೆ.

ಈ ವರ್ಷವೂ ನನ್ನ ಮೊಬೈಲನ್ನು ಸುತ್ತಿಗೆ, ಈಳಿಗೆಮಣೆಗಳ ಪಕ್ಕ ಪೂಜೆಗೆ ಇಟ್ಟೆ. ಅಮ್ಮ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ, “ಆಫ್ ಮಾಡಿದೀಯೇನೋ?” ಎಂದರು.

“ಮಾಡಿದೀನಮ್ಮ,” ಎಂದೆ.

ಅವರು ನನ್ನ ಮಾತು ಕೇಳಲಿಲ್ಲ. ಅಂಗೈಯನ್ನು ಮೊಬೈಲಿನ ಮೇಲಿಟ್ಟು, ಬೆಚ್ಚಗಿದೆಯೇ ಎಂದು ನೋಡಿದರು.